ಮೂರನೆಯ ಚಂದ್ರಿಕೆ

ಇದಕ್ಕೆಲ್ಲ ಕಾರಣ ಹರಿಣಿಯೇ ಇರಬಹುದೇ? ರೇಷ್ಮೆ ಹುಳುಮನೆಯ ಶಾಖ ಅಳೆಯುವ ನಮ್ಮ ಯಂತ್ರ ನಿಂತಾಗಲೆಲ್ಲ ಕುಸಿದು ಬಿದ್ದಿರುತ್ತಿದ್ದುದು ಅವಳು ಬರೆದ, ರೈತರಿಗೆ ಮೆಸೇಜು ಕಳಿಸುವ ಪ್ರೋಗ್ರಾಮಿನ ಭಾಗವೇ. ಅವಳ ಡಬ್ಬಿಯ ಚಿತ್ರಾನ್ನ ತಿನ್ನುತ್ತಲೇ ಹಾಗೆ ಯೋಚಿಸಿದ್ದಕ್ಕೆ ನನಗೆ ನಾಚಿಕೆಯಾಯಿತು. ಆದರೂ ಯೋಚಿಸಿದೆ.

ಶಿಡ್ಲಘಟ್ಟದ ನಮ್ಮ ಪುಟ್ಟ ಕಚೇರಿಯ ಮಾಲೀಕ ಮೋಹನ್‌ಬಾಬು ಆಗಲೇ ಅವಳಿಗೆ ತೀರ್ಪು ಕೊಟ್ಟಿದ್ದರು. "ನಾಳೆಯಿಂದ ಬರ್ಬೇಡಮ್ಮ. ನಿನ್ನಿಂದ ಮುನಿಗಂಗಪ್ಪನ ಗೂಡೆಲ್ಲ ಹಾಳಾಯ್ತು."

"ಹೆಣ ಸಿಕ್ಕಿದ ಮನೆಯವ್ರೇ ಕೊಂದಿದ್ದು ಅಂತೀರಾ ಸಾರ್? ಸಾಯಂಕಾಲದವರೆಗೂ ತಡೀರಿ," ಎಂದಳು ಸಂಘಮಿತ್ರ. ಸತ್ತ ಯಂತ್ರಗಳಿಗೆ ನಮ್ಮಲ್ಲಿ ಅವಳೇ ಪತ್ತೇದಾರಿಣಿ.

ಕೈವಾರದ ರೈತ ಮುನಿಗಂಗಪ್ಪನಿಗೆ ಫೋನು ಹಚ್ಚಿದಳು. "ಯಾವಾಗ ನಿಲ್ತದೆ ಅಣ್ಣ?"

"ಹಣ್ಣಾದ ಹುಳಾನ ಗೂಡು ಕಟ್ಟೋಕೆ ಬಿದಿರು ಚಂದ್ರಿಕೆಗೆ ಬಿಟ್ಮೇಲೆ ಕಣಮ್ಮ. ರ‍್ಯಾಕಲ್ಲಿ ಸೊಪ್ಪು ತಿನ್ನೋವಾಗ ಚೆನ್ನಾಗೇ ಓಡ್ತದೆ. ರ‍್ಯಾಕಿನ ಆರಲ್ಲದೆ ಮೂರು ಚಂದ್ರಿಕೇಗೂ ಒಂದೊಂದು ಸೆನ್ಸಾರ್ ಕಟ್ಟಿದೀನಿ."

"ಹೆಚ್ಚಿಗೆ ಎರಡು ಸೆನ್ಸಾರ್ ಕಟ್ಟಿ ನಾನೇ ಪರೀಕ್ಷೆ ಮಾಡಿದ್ನಲ್ಲ, ಏನೂ ಆಗ್ಲಿಲ್ಲ," ಎಂದೆ.

"ಅದೇ ಸುಳಿವು ಕಣೋ ನರೇಂದ್ರ!" ಎಂದಳು ಸಂಘಮಿತ್ರ.

ಯಂತ್ರದ ತಂತ್ರಾಂಶದ ತಿರುಳಾದ ಕರ್ನಲ್‌ನಲ್ಲಿ ಮೆಮೊರಿ ಹಂಚಿಕೊಡುವ ಭಾಗವನ್ನು ಅವಳು ತಿದ್ದಿದಳು. ಪ್ರೋಗ್ರಾಮಿನ ಯಾವ ಭಾಗ ಎಷ್ಟು ಜಾಗ ಕೇಳಿದರೂ, ಅದರ ಕೊನೆಗೆ ಒಂದು ಖಾಲಿ ಪಟ್ಟಿ ಬಿಟ್ಟು, ಗೊತ್ತುಮಾಡಿದ ಗುರುತು ತುಂಬಿದಳು. ನಾನು ಮತ್ತೆ ಎರಡೇ ಸೆನ್ಸಾರ್ ಕಟ್ಟಿದೆ. ಯಂತ್ರ ಸಾಯಲಿಲ್ಲ. ಆದರೆ ಒಂದು ಪಟ್ಟಿಯ ಗುರುತು ಅಳಿಸಿಹೋಗಿತ್ತು.

ಸಾಯಂಕಾಲ ಎಲ್ಲರನ್ನೂ ಕೂರಿಸಿದಳು.

"ಕರ್ನಲ್ ಜಾಗ ಕೊಡೋದು ಸಿದ್ಧ ಅಳತೇಲಿ. ಆರು ಕೇಳಿದ್ರೆ ಎಂಟು ಕೊಡ್ತದೆ. ರ‍್ಯಾಕಿಗೆ ಆರು ಅಂತಸ್ತು, ಆರು ಸೆನ್ಸಾರ್ ಅಂತ ಒಬ್ರು ಆರೇ ಕೇಳಿದ್ರು, ಚಂದ್ರಿಕೆ ಮರೆತ್ರು. ಹೆಚ್ಚಿನ ಎರಡು ಸೆನ್ಸಾರಿನ ಅಂಕಿ ಆ ಖಾಲಿ ಜಾಗಕ್ಕೆ ಬಿದ್ವು, ಯಾರಿಗೂ ಕಾಣ್ಲಿಲ್ಲ. ಮೂರನೇದು ಬದು ದಾಟಿ ಪಕ್ಕದ ಹರಿಣಿ ಜಾಗ ತುಳೀತು. ಇವಳ ಭಾಗ ಅದನ್ನ ಓದೋಕೆ ಹೋಗಿ ಸತ್ತಿತು. ನಾನು ಗುರುತಿಟ್ಟಿದ್ದು ಕೇಳಿದ ಜಾಗದ ಕೊನೇಲಿ, ಕೊಟ್ಟ ಜಾಗದ ಕೊನೇಲಲ್ಲ. ಅದಕ್ಕೇ ಎರಡೇ ಸೆನ್ಸಾರಿಗೂ ಸಿಕ್ಕಿಬಿತ್ತು."

"ಯಾರದು ಆ ಜಾಗ?" ಎಂದೆ.

"ಶಾಖ ಓದೋ ಭಾಗದ್ದು."

ಅದನ್ನು ಬರೆದವರು ಮೋಹನ್‌ಬಾಬು. ರೇಷ್ಮೆ ಸಾಕುವ ಮನೆಯಲ್ಲೇ ಹುಟ್ಟಿ ಬೆಳೆದವರು.

"ನಮ್ಮನೇಲಿ ಚಂದ್ರಿಕೆ ಅಂಗಳದಲ್ಲಿಡ್ತಿದ್ರು," ಎಂದರು. "ಹುಳುಮನೆ ಲೆಕ್ಕಕ್ಕೇ ಬರ್ತಿರ್ಲಿಲ್ಲ."

ಹರಿಣಿ ಬ್ಯಾಗಿಗೆ ತುಂಬಿದ್ದ ತನ್ನ ಸಾಮಾನು ಒಂದೊಂದಾಗಿ ಮೇಜಿನ ಮೇಲಿಟ್ಟಳು.

"ಮುನಿಗಂಗಪ್ಪಂಗೆ ಯಾರು ಹೇಳ್ತೀರ ಸಾರ್?" ಎಂದಳು.

"ನಾನೇ ಹೋಗಿ ಹೇಳ್ತೀನಿ. ನಾಳೆ ಬರ್ತೀಯಲ್ಲಮ್ಮ?"

"ಬರ್ತೀನಿ."

ತಪ್ಪಾಯಿತು ಎಂದು ಅವರು ಅವಳಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.