ಬಂಗಾರದ ನಿಬ್ಬು, ಗೋಂದಿನ ಮಸಿ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಇಂಡಿ ಠಾಣೆಗೆ ಲಿಂಬೆ ವ್ಯಾಪಾರಿ ಬಸಂತರಾಯ ದೂರು ತಂದ. ತಂದೆಯ ಕಾಲದ, ಬಂಗಾರದ ನಿಬ್ಬಿನ ಮಸಿಪೆನ್ನು ಮೇಜಿನ ಮೇಲಿಂದ ಹೋಗಿದೆ. ಫ್ಯಾನು ರಿಪೇರಿಗೆ ಬಂದಿದ್ದ ಫಯಾಜನ ಮೇಲೆ ಸಂಶಯ. ಪಿಎಸ್‌ಐ ಭುವನೇಶ್ವರಿ ಎಫ್‌ಐಆರ್ ದಾಖಲಿಸಿ, ಬಸಂತರಾಯನ ಮನೆಯಲ್ಲಿ ಪಂಚನಾಮೆ ಮಾಡಿದರು. ಅಲ್ಲೇ ಇದ್ದ ಅವನ ವಿಧವೆ ಅಕ್ಕ ಕಸ್ತೂರೆವ್ವ ಪಂಚರಿಗೆ ಚಹಾ ಕೊಟ್ಟು ಒಳಗೆ ಹೋದಳು.

ಬಂಗಾರ ಕೊಳ್ಳುವ ಸರಾಫರಲ್ಲಿ ಸುಳಿವು ಸಿಗಲಿಲ್ಲ. ಭುವನೇಶ್ವರಿ ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಪೆನ್ನಿನ ಅಂಗಡಿಗಳಿಗೂ ಹೇಳಿಸಿದರು. ಗುರುವಾರ ಮುದ್ದೇಬಿಹಾಳದ ಅಂಗಡಿಕಾರ ಇಸಾಕನ ಫೋನು ಬಂತು. ಆ ಪೆನ್ನು ರಿಪೇರಿಗೆ ಬಂದಿದೆ, ತಂದವನು ಫಯಾಜ.

"ಮುಗೀತಲ್ರಿ ಮೇಡಮ್, ಕಳ್ಳ ತಾನ ಹೆಸರು ಹೇಳಿ ಹೋಗ್ಯಾನ," ಎಂದು ಕಾನ್‌ಸ್ಟೇಬಲ್ ಸಿದ್ದಲಿಂಗ ನಕ್ಕ.

ಅಂಗಡಿಯಲ್ಲಿ ಇಸಾಕ ಪೆನ್ನು ಬಿಚ್ಚಿ ತೋರಿಸಿದ. "ನಿಬ್ಬಿನ ಕೆಳಗಿನ ನಾಲಿಗಿಯೊಳಗ ಕೂದಲೆಳಿಯಂಥ ಸಂದ ಐತ್ರಿ. ನೀರಿನಂಥ ಮಸಿ ಇದ್ರ ತಾನ ಇಳೀತೈತಿ. ಇದರಾಗ ಯಾರೋ ಕಾಡಿಗಿ, ಗೋಂದು ಕಲಸಿದ ಮಸಿ ತುಂಬ್ಯಾರ, ಸಂದ ಕಟ್ಟೈತಿ. ಅದು ಕಡ್ಡಿ ಅದ್ದಿ ಬರಿಯೂ ಮಸಿ. ಮಸೀನೂ ಚೊಲೋ, ಪೆನ್ನೂ ಚೊಲೋ, ಒಂದಕ್ಕೊಂದು ಕೂಡೂದಿಲ್ಲ."

ಮಾರುವ ಕಳ್ಳ ಮಸಿ ತುಂಬುವುದಿಲ್ಲ. ಇದನ್ನು ಒಯ್ದವರು ಬರೆಯುತ್ತಿದ್ದಾರೆ ಎಂದುಕೊಂಡರು ಭುವನೇಶ್ವರಿ. ಪೆನ್ನನ್ನು ಜಪ್ತಿ ಮಾಡಿ, ಫಯಾಜನನ್ನು ಠಾಣೆಗೆ ಕರೆಸಿದರು.

"ಪೆನ್ನ ಯಾರು ಕೊಟ್ಟರು?"

"ಆಣಿ ಐತ್ರಿ. ಹೇಳಂಗಿಲ್ಲ."

"ಜೇಲಿಗೆ ಹೋಗ್ತಿ."

"ಹೋಗ್ತೇನ್ರಿ."

ಹೊರಗೆ ಮೆಟ್ಟಿಲ ಮೇಲೆ ಅವನ ತಾಯಿ ಸೈದಾಬಿ ಸೆರಗು ಕಚ್ಚಿ ಕೂತಿದ್ದಳು.

ಮರುದಿನ ಭುವನೇಶ್ವರಿ ಬಸಂತರಾಯನ ಮನೆಗೆ ಹೋದರು. "ಫಯಾಜನ್ನ ಇವತ್ತ ಕೋರ್ಟಿಗೆ ಒಪ್ಪಸ್ತೀವ್ರಿ," ಎಂದು ಒಳಗೂ ಕೇಳುವಂತೆ ಹೇಳಿದರು.

ಕಸ್ತೂರೆವ್ವ ಬಾಗಿಲಿಗೆ ಬಂದಳು. "ಆ ಹುಡುಗನ್ನ ಬಿಡ್ರಿ ನಮ್ಮವ್ವಾ. ಬಾಯಿ ಬಿಟ್ಟರ ನನ್ನ ಆಣಿ ಅಂದಿದ್ದೆ. ಪೆನ್ನ ನಾ ತಗೊಂಡೇನಿ."

ಬಸಂತರಾಯನ ಮುಖ ಸಪ್ಪಗಾಯಿತು. "ಮೇಡಮ್, ಫಿರ್ಯಾದಿ ಹರದ ಹಾಕ್ರಿ. ಇದು ಮನ್ಯಾಗಿನ ಮಾತು."

"ಫಯಾಜನ ಹೆಸರು ಬರಸೂವಾಗ ಮನ್ಯಾಗಿನ ಮಾತು ಇರಲಿಲ್ಲೇನ್ರಿ? ಇನ್ನ ಕೋರ್ಟ್ ಹೇಳಬೇಕು."

ಕಸ್ತೂರೆವ್ವ ತಾನಾಗಿಯೇ ಹೇಳಿದಳು. "ನಮ್ಮವರು ಹೋದಾಗಿಂದ ಶಿವನಾಮ ಬರೀತೇನ್ರಿ. ಬಾಲ್‌ಪೆನ್ನ ಒತ್ತಬೇಕು, ಹೆಬ್ಬಟ್ಟ ಬಾತೈತಿ. ಇದು ಕಾಗದಕ್ಕ ತಾಗಿಸಿದ್ರ ಸಾಕು, ಶಿವನ ಹೆಸರು ತಾನ ಹರೀತಿತ್ತು. ಮಸಿ ತೀರಿತು. ನಮ್ಮವರು ಮಾಡಿದಂಗ ಕಾಡಿಗಿ ಅರದು ತುಂಬಿದೆ. ಕಟ್ಕೊಂತು. ರಿಪೇರಿ ಮಾಡಿಸ್ಕೊಂಡು ಬಾ ಅಂತ ಫಯಾಜನ ಕೈಯಾಗ ಕೊಟ್ಟೆ."

"ನಿಮ್ಮ ತಮ್ಮನ್ನ ಕೇಳಬೇಕಿತ್ತವ್ವಾ," ಎಂದರು ಭುವನೇಶ್ವರಿ.

"ಕೇಳಿದ್ದೆ."

ಬಸಂತರಾಯ ತಲೆ ತಗ್ಗಿಸಿದ. "ನಾಮ ಬರಿಯಾಕ ಬಂಗಾರದ ಪೆನ್ನ ಬೇಕೇನು ಅಂತ ನಕ್ಕಿದ್ದೆ ನಾ."

ಮಧ್ಯಾಹ್ನ ಠಾಣೆಯಲ್ಲಿ ಫಯಾಜನನ್ನು ಬಿಟ್ಟರು. ಕಸ್ತೂರೆವ್ವನ ಬಂಧನದ ಕಾಗದ ಸಿದ್ಧವಾಯಿತು. ಸಹಿ ಹಾಕಲು ಸಿದ್ದಲಿಂಗ ತನ್ನ ಕಿಸೆಯ ಬಾಲ್‌ಪೆನ್ನು ಕೊಟ್ಟ. ಅವಳು ಅದನ್ನು ಎರಡೂ ಕೈಯಿಂದ ಹಿಡಿದು ಒತ್ತಿದಳು. ಎರಡನೆಯ ಅಕ್ಷರಕ್ಕೆ ಉಸಿರು ಬಿಟ್ಟು ನಿಂತಳು.

"ಅವಸರಿಲ್ಲವ್ವಾ," ಎಂದರು ಭುವನೇಶ್ವರಿ.

ಬಸಂತರಾಯ ಆ ಬಾತ ಹೆಬ್ಬೆರಳನ್ನೇ ನೋಡುತ್ತಿದ್ದ. ಒಂದೇ ಮನೆಯಲ್ಲಿದ್ದೂ ಅವನು ಅದನ್ನು ಕಂಡದ್ದು ಅಂದೇ.