ಶಾಲೆಯಂಗಳದ ದಾನದ ಕಲ್ಲು

"ಅಕ್ಕೋರ, ಕಲ್ಲ ಇಲ್ರೀ!"

ಯಂಕಮ್ಮನ ಕೂಗಿಗೆ ಹೆಡ್ಮಿಸ್ಟ್ರೆಸ್ ಶೇಷಮ್ಮ ಬೀಗದ ಕೈ ಎಸೆದು ಓಡಿಬಂದಳು. ಗೇಟಿನ ಪಕ್ಕ ಮಂಡಿಯೆತ್ತರಕ್ಕೆ ನಿಂತಿದ್ದ ದಾನದ ಕಲ್ಲು ಮಾಯ! ಅಲ್ಲೊಂದು ಹಸಿ ಗುಂಡಿ ಬಾಯಿ ಬಿಟ್ಟುಕೊಂಡಿತ್ತು.

ಕೆ.ಆರ್.ಪುರದ ಆಚೆಯ ಆ ಹಳೇ ಊರಿನ ಶಾಲೆಯ ಜಾಗವನ್ನು ವಸತಿ ವಲಯಕ್ಕೆ ಸೇರಿಸಿ ಫ್ಲಾಟು ಕಟ್ಟಿಸುವ ಠರಾವು ಅಂದೇ ಮಧ್ಯಾಹ್ನ ನಗರಸಭೆಯ ಮುಂದೆ ಬರುವುದಿತ್ತು. ದಾನಪತ್ರವನ್ನು ಗೆದ್ದಲು ತಿಂದು ಯಾವ ಕಾಲವಾಗಿತ್ತೋ. "ಜಾಗ ಶಾಲೆಗೇ ಅಂತ ಕಲ್ಲಿನ ಮೇಲೆ ಬರೆದಿದ್ದರೆ ಠರಾವು ಬಿತ್ತು" ಎಂದು ಅಧ್ಯಕ್ಷರೇ ಹೇಳಿದ್ದರು. ಈಗ ಕಲ್ಲೇ ಇಲ್ಲ!

"ಸಾಲಿ ಹೋತಂದ್ರ ನನ್ ಗಂಗಾನ ಗತಿ ಏನ್ರೀ?" ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದಿದ್ದ ಯಂಕಮ್ಮ ಮಗಳನ್ನು ಅವುಚಿಕೊಂಡಳು. "ರಿಂಗ್ ರೋಡ್ ದಾಟಿಸಿ ಹೆಂಗ್ ಕಳಸ್ಲಿ? ಇಟ್ಟಿಗಿ ಹೊರಾಕ ನನ್ ಕೂಡ ಕರ್ಕೊಂಡ್ ಹೋಗ್ಬೇಕಷ್ಟ."

ಶೇಷಮ್ಮ ಕಾಯಿನ್ ಬೂತಿನಿಂದ ಹಲಸೂರಿನ ಅಣ್ಣನಿಗೆ ಫೋನು ಮಾಡಿದಳು. ರಾಮಯ್ಯ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ಮೂಗಿನ ತುದಿಯಲ್ಲೇ ಕೋಪ. ಸ್ಕೂಟರಿನಿಂದ ಇಳಿಯುತ್ತಲೇ ರೇಗಿದ:

"ಎಲ್ಲಾ ತುಳಿದು ಹಾಳ್ಮಾಡಿದ್ದೀರಲ್ರೋ! ದನಗಳಾ ನೀವು? ದೂರ ನಿಂತ್ಕೊಳ್ಳಿ!"

ಊರಿನವರು ಆಗಲೇ ಟೆಂಪೋ ಓಡಿಸುವ ಅಹ್ಮದ್ ಪಾಷಾನ ಕಾಲರ್ ಹಿಡಿದಿದ್ದರು.

"ನಾನ್ಯಾಕ್ ಸಾಬ್ ಕದೀಲಿ? ನನ್ ಮೊಮ್ಮಗಳೂ ಇಲ್ಲೇ ಓದೋದು!"

"ಸುಳ್ಳು!" ಗುಡುಗಿದವನು ಶ್ರೀನಿವಾಸ್—ಜಾಗ ಕೊಟ್ಟ ಮುನಿನಾರಾಯಣಪ್ಪನ ಮೊಮ್ಮಗ, 'ಶಾಲೆ ಉಳಿಸಿ' ಸಮಿತಿಯ ಮುಖಂಡ. "ಬಿಲ್ಡರ್ ಕಡೆಯ ಲಕ್ಷ್ಮಿಕಾಂತ ನಿನ್ನೆ ಇವನ ಜೊತೆ ಟೀ ಕುಡೀತಿದ್ದ. ನಮ್ ತಾತನ ಕಲ್ಲು ಸಾರ್ ಅದು!" ಅವನ ಕಣ್ಣು ತುಂಬಿತ್ತು.

ರಾಮಯ್ಯ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ. ಕೆಂಪಿರುವೆಗಳ ದಂಡು ಕಂದು ಚೂರುಗಳನ್ನು ಹೊತ್ತು ಸಾಗುತ್ತಿತ್ತು. ಒಂದು ಚೂರನ್ನು ತಿಕ್ಕಿ ಮೂಸಿದ. ತುಪ್ಪ!

"ಶೇಷಿ, ನಿನ್ನೆ ಮಕ್ಕಳು ಇಲ್ಲೇನಾದ್ರೂ ತಿಂದ್ವಾ?"

"ನಿನ್ನೆ ಭಾನುವಾರ ಅಲ್ವೇನಣ್ಣ?"

"ಈ ಕಲ್ಲಿಗೆ ಪೂಜೆ ಉಂಟಾ?"

"ಊರಹಬ್ಬಕ್ಕೆ ಹೆಂಗಸರು ತಂಬಿಟ್ಟಿನ ದೀಪ ಇಡ್ತಾರೆ. ಊರಿನೋರಿಗೆ ಇದು ದೇವರ ಸಮ. ಆದ್ರೆ ಹಬ್ಬ ಇನ್ನೂ ದೂರ ಇದೆ."

"ಬಿಡ್ರೋ ಪಾಷಾನ!"

ರಾಮಯ್ಯ ಊರೊಳಗೆ ಹೋಗಿ ಒಂದೊಂದೇ ಮನೆಯ ಬಾಗಿಲಲ್ಲಿ ನಿಂತು ಹೆಂಗಸರನ್ನು ಏನೋ ಕೇಳಿದ. ಆಮೇಲೆ ಅಶ್ವತ್ಥಕಟ್ಟೆಗೆ ಬಂದು ನಾಗರಕಲ್ಲುಗಳನ್ನು ಸುತ್ತತೊಡಗಿದ.

"ಇದು ಪ್ರದಕ್ಷಿಣೆ ಹಾಕೋ ಹೊತ್ತೇನಣ್ಣ?"

"ಬಾಯ್ಮುಚ್ಕೊಂಡು ಸಭೆಗೆ ಹೋಗು. ಪಾಷಾ, ಟೆಂಪೋ ತಗೊಂಡ್ ಬಾ!"

ಸಭೆಯಲ್ಲಿ ಶ್ರೀನಿವಾಸ್ ಕೈಮುಗಿದು ಎದ್ದ. "ಸಾಕ್ಷಿ ಹೋಯ್ತು ಸ್ವಾಮಿ. ಇನ್ನು ಹಟ ಯಾಕೆ? ಕಟ್ಟೋ ಫ್ಲಾಟಲ್ಲೇ ಮಕ್ಕಳಿಗೊಂದು ರೂಮ್ ಕೊಡ್ಲಿ."

ಶೇಷಮ್ಮ ಬೆಚ್ಚಿದಳು. ಇವನೇನು ಹೇಳುತ್ತಿದ್ದಾನೆ? ಸದಸ್ಯರು ಮೇಜು ಕುಟ್ಟಿದರು. ಅಧ್ಯಕ್ಷರು ಠರಾವನ್ನು ಮತಕ್ಕೆ ಹಾಕಬೇಕು—ಬಾಗಿಲು ದಡಾರನೆ ತೆರೆಯಿತು.

ಪಾಷಾ, ಊರಿನ ಗಂಡಸರು ಅರಿಶಿನ ಮೆತ್ತಿದ ಕಲ್ಲೊಂದನ್ನು ಬೊಂಬಿಗೆ ಕಟ್ಟಿ ಹೊತ್ತು ತಂದರು. ಮುಂದೆ ರಾಮಯ್ಯ. ಹಿಂದೆ ಶ್ರೀನಿವಾಸನ ತಾಯಿ ಮುನಿಗಂಗಮ್ಮ, ಗಂಗಾಳ ಕೈ ಹಿಡಿದ ಯಂಕಮ್ಮ.

"ಹೊರಗಿನ ಕಳ್ಳ ಆಗಿದ್ರೆ ಕಲ್ಲು ಒಡೆದು ಕೆರೆಗೆ ಹಾಕ್ತಿದ್ದ," ರಾಮಯ್ಯ ಗುಡುಗಿದ. "ಇವನು ಕೀಳೋಕೆ ಮುಂಚೆ ತಂಬಿಟ್ಟಿನ ದೀಪ ಹಚ್ಚಿ ತಪ್ಪಾಯ್ತು ಅಂದಿದ್ದಾನೆ! ದೀಪ ಎತ್ಕೊಂಡ, ಉದುರಿದ್ದನ್ನ ಇರುವೆಗೆ ಬಿಟ್ಟ. ಪಾಷಾಗೆ, ಲಕ್ಷ್ಮಿಕಾಂತನಿಗೆ ಈ ಕಲ್ಲಿನ ಭಯ ಎಲ್ಲಿಂದ ಬರ್ಬೇಕು? ಊರಿನವನೇ! ಅಷ್ಟು ಭಯ ಇರೋನು ಪೂಜೆಯ ಕಲ್ಲನ್ನ ಕಾಲ ಕೆಳಗೆ ಮಲಗಿಸ್ತಾನಾ? ಪೂಜೆ ನಡೆಯೋ ಜಾಗದಲ್ಲೇ ನಿಲ್ಲಿಸ್ತಾನೆ. ನಾಗರಕಲ್ಲುಗಳ ನಡುವೆ ಹೆಡೆಯಿಲ್ಲದ ಕಲ್ಲೊಂದು ಮರಕ್ಕೆ ಮುಖ ಮಾಡಿ ನಿಂತಿತ್ತು!"

"ಯಾರು ಅವನು?" ಅಧ್ಯಕ್ಷರು ಎದ್ದು ನಿಂತರು.

"ಹಬ್ಬ ಇಲ್ಲದೆ ತಂಬಿಟ್ಟು ಮಾಡಿದ ಮನೆ ಊರಲ್ಲಿ ಒಂದೇ. ಹೇಳಿ ತಾಯಿ."

ಮುನಿಗಂಗಮ್ಮ ಮಗನ ಎದುರು ನಿಂತಳು. "ಶಾಲೆ ಉಳೀಲಿ ಅಂತ ಹರಕೆ, ತಂಬಿಟ್ಟು ಮಾಡ್ಕೊಡವ್ವಾ ಅಂದ್ಯಲ್ಲೋ ಶೀನಾ! ನನ್ ಕೈಲೇ ಮಾಡಿಸ್ಕೊಂಡ್ಯಲ್ಲೋ ಪಾಪಿ!"

ಶ್ರೀನಿವಾಸ್ ಕುಸಿದು ಕೂತ. "ಒಡೆದುಹಾಕಿದ್ರೆ ಎರಡು ಫ್ಲಾಟ್ ನಿಂದೇ ಅಂದ್ರು ಬಿಲ್ಡರ್ ಕಡೆಯೋರು. ತಾತನ ಹೆಸರು ನೋಡಿ ಒಡೆಯೋಕೆ ಕೈ ಬರ್ಲಿಲ್ಲವ್ವಾ, ರಾತ್ರಿ ತಳ್ಳುಗಾಡೀಲಿ ಕಟ್ಟೆಗೆ ತಂದೆ..."

ಯಂಕಮ್ಮ ಗಂಡಸರನ್ನೆಲ್ಲ ಸರಿಸಿ ಮುಂದೆ ಬಂದಳು. ಸೆರಗಿನಿಂದ ಅರಿಶಿನ ಒರೆಸಿದಳು. ಅಕ್ಷರ ಮೂಡಿದವು. ಗಂಗಾ ಒಂದೊಂದೇ ಕೂಡಿಸಿ ಗಟ್ಟಿಯಾಗಿ ಓದಿದಳು: "ಈ ನೆಲ ಮಕ್ಕಳ ಓದಿಗಲ್ಲದೆ ಬೇರೆ ಯಾವುದಕ್ಕೂ ಸಲ್ಲದು."

ಠರಾವಿನ ಪರ ಒಂದು ಕೈಯೂ ಏಳಲಿಲ್ಲ. ಹೊರಗೆ ತಮಟೆ ಶುರುವಾಯಿತು.

"ಸಾಬ್, ಬೆಳಿಗ್ಗೆ ಕಾಲರ್ ಹಿಡಿದೋರೇ ಈಗ ನನ್ ಟೆಂಪೋಗೆ ಹಾರ ಹಾಕ್ತಾವ್ರೆ!" ಪಾಷಾ ನಕ್ಕ.

ಕಲ್ಲನ್ನು ಮತ್ತೆ ನೆಟ್ಟ ದಿನ ಮುನಿಗಂಗಮ್ಮನೇ ತಂಬಿಟ್ಟು ತಂದಳು. ಮೊದಲ ಉಂಡೆ ಗಂಗಾಳ ಕೈಗೆ. ರಾಮಯ್ಯ ತನ್ನ ಪಾಲಿನಲ್ಲಿ ಅರ್ಧ ಮುರಿದು ಕಲ್ಲಿನ ಬುಡದ ಇರುವೆ ಸಾಲಿಗೆ ಹಾಕಿದ.

"ಪ್ರಸಾದ ಚೆಲ್ತೀಯಲ್ಲಣ್ಣ!"

"ಚೆಲ್ತಿಲ್ಲ ಕಣೇ. ಸಾಕ್ಷಿದಾರರಿಗೆ ಭತ್ಯೆ ಕೊಡ್ತಿದ್ದೀನಿ."