ತೇಗದ ನೆಲಕ್ಕೆ ನಾಲ್ಕು ಕೊಡ ನೀರು

"ಏ ಹುಡುಗಿ, ಆ ಕೊಡಾ ಹೊರಗಿಡು! ಕಟ್ಟಿಗಿ ನೆಲಕ್ಕ ನೀರು ಅಂದ್ರ ವಿಷಾ!"

ಮೈಲಾರಪ್ಪ ರೇಣವ್ವನಿಗೆ ಆಡಿದ ಮೊದಲ ಮಾತೇ ಇದು. ಉಣಕಲ್ಲಿನಿಂದ ಅವಳು ಹುಬ್ಬಳ್ಳಿಯ ಬಿಳಿ ಸಾಹೇಬರ ಕ್ಲಬ್ಬಿಗೆ ಕೂಲಿಗೆ ಬಂದ ಮೊದಲ ದಿನ. ಡ್ಯಾನ್ಸ್ ಹಾಲಿನ ತೇಗದ ನೆಲಕ್ಕೆ ಮೇಣ ಹಚ್ಚಿ ಮಿಂಚಿಸುವುದು ಅವನ ಕೆಲಸ. ಕೈಯಾಳು ಬೇಕೆಂದು ಅವಳನ್ನು ಸೇರಿಸಿಕೊಂಡವನೂ ಅವನೇ.

"ನೀರಿಲ್ದ ನೆಲಾ ಹೆಂಗ ತೊಳಿಯೂದ್ರಿ? ಉಗುಳು ಹಚ್ಚಿ ಒರಸ್ಲೇನು?"

ಅವನಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೇ ಕೆಟ್ಟಿತು ನೋಡಿ.

ಜೇನುಮೇಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿ, ಅವನು ಮೊಣಕಾಲೂರಿ ಹಚ್ಚುತ್ತ ಹಿಂದೆ ಸರಿಯಬೇಕು. ಅದು ಆರಿದಂತೆ ಅವಳು ತೆಂಗಿನ ನಾರಿನಿಂದ ಉಜ್ಜುತ್ತ ಮುಂದೆ ಬರಬೇಕು. ದಿನವಿಡೀ ಎದುರುಬದುರು. ಎಷ್ಟು ದಿನ ತಾನೇ ನೆಲವನ್ನಷ್ಟೇ ನೋಡುವುದು? ಅವನು ತಲೆಯೆತ್ತಿದರೆ ಇವಳು ಬಗ್ಗುತ್ತಿದ್ದಳು. ಇವಳು ಕದ್ದು ನೋಡಿದರೆ ಅವನ ಕೈ ಹಚ್ಚಿದಲ್ಲೇ ಹಚ್ಚುತ್ತಿತ್ತು. ದೀಪಾವಳಿ ಹೊತ್ತಿಗೆ ಇವಳ ಬಾಯಲ್ಲಿ 'ರಿ' ಹೋಗಿ 'ನೀ' ಬಂದಿತ್ತು.

"ಅಲ್ಲೇ ಮೂರು ಸಲ ಹಚ್ಚಿದಿ. ನೆಲದಾಗ ಮಾರಿ ಕಾಣಬೇಕೇನು?"

"ಕಂಡತು. ನಿಂದ."

ಅವಳ ಕೆನ್ನೆ ಬಿಸಿಯಾಯಿತು. ಅವತ್ತು ಅವಳು ಉಜ್ಜಿದ ಜಾಗದಲ್ಲಿ ಸಾಹೇಬರು ಜಾರಿ ಬೀಳದಿದ್ದುದೇ ಪುಣ್ಯ.

ಡಿಸೆಂಬರಿನಲ್ಲಿ ಅವನು ಹೇಳಿದ: "ಹೊಸ ವರ್ಷಕ್ಕ ನನ್ನ ಎಲ್ಲಾ ಆಳುಗಳ ಮ್ಯಾಲೆ ಮುಕಾದಮ ಮಾಡ್ತಾರ. ಮರುದಿನಾನ ನಿಮ್ಮವ್ವನ್ನ ಕೇಳಾಕ ಬರ್ತೇನಿ. ಒಲ್ಲೆ ಅನ್ನೂದಿಲ್ಲ ಹೌದಿಲ್ಲೋ?"

"ಬಂದು ಕೇಳಿ ನೋಡು."

ಕ್ರಿಸ್ಮಸ್ ಡ್ಯಾನ್ಸಿನ ಮರುದಿನವೇ ಎಳ್ಳಮಾವಾಸ್ಯೆ. ಭೂತಾಯಿಗೆ ಎಡೆಯಾಗಿ ಹೊಲಕ್ಕೆ ಚರಗ ಚೆಲ್ಲಲು ಮೈಲಾರಪ್ಪ ತನ್ನೂರು ಸುಳ್ಳಕ್ಕೆ ಹೋಗಿದ್ದ. ರೇಣವ್ವ ಒಬ್ಬಳೇ ಡ್ಯಾನ್ಸ್ ಹಾಲಿನ ಬಾಗಿಲು ತೆಗೆದಳು. ಶಿವನೇ! ನೆಲದ ತುಂಬ ಚೆಲ್ಲಿದ ಸೆರೆ, ಮೂಲೆಯಲ್ಲಿ ಯಾರದೋ ವಾಂತಿ. ಒಣ ಬಟ್ಟೆಯಲ್ಲಿ ಒರೆಸಿದಳು, ಅರೆಹಸಿ ಬಟ್ಟೆಯಲ್ಲಿ ಒರೆಸಿದಳು. ನಾತ ಹೋಗಲಿಲ್ಲ. ನೀರು ವಿಷವೆಂದು ಅವಳಿಗೆ ಗೊತ್ತಿತ್ತು. ಆದರೆ ಅಮಾವಾಸ್ಯೆಗೆ ನೆಲ ಸಾರಿಸದೆ ಅವಳೆಂದೂ ಒಲೆ ಹಚ್ಚಿದವಳಲ್ಲ. ಅವನ ನೆಲ ಹಬ್ಬದ ದಿನ ಹೀಗೆ ನಾರುವುದೇ? ನಾಲ್ಕು ಕೊಡ ನೀರು ಸುರಿದು ತಿಕ್ಕಿ ತೊಳೆದಳು. ಬಂದು ನೋಡಿ ಮೆಚ್ಚುತ್ತಾನೆ ಎಂದುಕೊಂಡು ಮನೆಗೆ ಹೋದಳು. ಹುಚ್ಚಿ!

ಬೆಳಗಾಗುವುದರಲ್ಲಿ ಹಲಗೆಗಳು ನೀರು ಕುಡಿದು ಉಬ್ಬಿ, ಅಂಚೆಲ್ಲ ಎದ್ದು ನಿಂತಿದ್ದವು. ಹೊಸ ವರ್ಷದ ಡ್ಯಾನ್ಸಿಗೆ ಐದೇ ದಿನ. ಸೆಕ್ರೆಟರಿ ಸಾಹೇಬ ಕಿರುಚಾಡುತ್ತಿದ್ದ. ಬಟ್ಲರ್ ಅಬ್ದುಲಗನಿ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದ.

"ನೀರು ಸುರದವ್ರು ಯಾರಂತ ಕೇಳಾಕತ್ತಾರ."

"ನಾನ್ರಿ," ಎಂದಳು ರೇಣವ್ವ, ಆಗಷ್ಟೇ ಊರಿಂದ ಮರಳಿದ್ದ ಮೈಲಾರಪ್ಪ ಬಾಯಿ ತೆರೆಯುವ ಮೊದಲೇ.

ಅಬ್ದುಲಗನಿ ಅವನತ್ತ ತಿರುಗಿದ. "ಈಕಿ ನಿನಗ ಏನಾಗಬೇಕು? ನಿಮ್ಮ ಪೈಕಿ ಆಗಿದ್ರ ಇಬ್ರನ್ನೂ ಕೆಲಸದಿಂದ ತಗೀತಾರಂತ."

ರೇಣವ್ವ ಅವನ ಮುಖವನ್ನೇ ನೋಡಿದಳು. ಅವನು ಹಲಗೆಗಳನ್ನು ನೋಡುತ್ತಿದ್ದ.

"ಏನೂ ಆಗಬೇಕಿಲ್ರಿ. ಕೂಲಿ ಆಳು."

ಉಣಕಲ್ಲಿನವರೆಗೆ ಅಳುತ್ತಲೇ ನಡೆದಳು. ಕೆಲಸ ಹೋದದ್ದಕ್ಕಲ್ಲ, ತಪ್ಪು ತನ್ನದೇ. ಅವನು ಬೈದಿದ್ದರೆ, ಹೊಡೆದಿದ್ದರೂ, ಇಷ್ಟು ಉರಿಯುತ್ತಿರಲಿಲ್ಲ.

ಫೆಬ್ರುವರಿಯ ಒಂದು ಸೋಮವಾರ ಅವನು ಬಂದ. ತಲೆಗೆ ಹೊಸ ರುಮಾಲು, ಕಂಕುಳಲ್ಲಿ ಇಳಕಲ್ ಸೀರೆ. ರೇಣವ್ವ ಶೆಗಣಿಯಿಂದ ನೆಲ ಸಾರಿಸುತ್ತಿದ್ದಳು.

"ಮುಕಾದಮ ಆದೆ, ರೇಣಾ. ಹಲಗಿನೂ ಒಣಗಿ ತಮ್ಮಷ್ಟಕ್ಕ ತಾವ ಕುಂತಾವ. ಅಂಚು ಹೆರದು ಮೇಣಾ ಹಚ್ಚೇನಿ, ಏನೂ ಗೊತ್ತಾಗೂದಿಲ್ಲ."

ಒಂದು ತಿಂಗಳಿಗೆ ಒಣಗಿ ಹೋಗುವ ನೀರು! ಅದಕ್ಕೆ ಇಷ್ಟೆಲ್ಲ! ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅವತ್ತ ಇಬ್ರದೂ ಕೆಲಸಾ ಹೋಗಿದ್ರ ಉಣ್ಣೂದೇನಿತ್ತು ಹೇಳು? ನಮ್ಮಿಬ್ಬರ ಸಲವಾಗೇ ಹಂಗಂದೆ."

"ಖರೇ ಐತ್ರಿ."

'ರಿ' ಕೇಳಿ ಅವನ ಮುಖ ಬಾಡಿತು. ಆ ಬಾಡಿದ ಮುಖಕ್ಕೂ ಅವಳ ಜೀವ ಚುರ್ ಎಂದಿತು. ಅವಳಿಗೆ ತನ್ನ ಮೇಲೆ ತನಗೇ ಸಿಟ್ಟು ಬಂದದ್ದು ಅದಕ್ಕೆ. ಅವನು ಹೊಸ್ತಿಲು ದಾಟಲು ಕಾಲೆತ್ತಿದ.

"ನೆಲಾ ಹಸಿ ಐತ್ರಿ. ತುಳೀಬ್ಯಾಡ್ರಿ."

ಹಿತ್ತಲಿಂದ ಅವ್ವ ಬೀರವ್ವ ಕೂಗಿದಳು: "ಯಾರು ಬಂದಾರಬೇ?"

"ನಮಗ ಏನೂ ಆಗಬೇಕಾದವರಲ್ಲಬೇ. ಕ್ಲಬ್ಬಿನ ಮುಕಾದಮರು."

ದಿನವೂ ಒಳಗಿನಿಂದ ಸಾರಿಸುತ್ತ ಹೊಸ್ತಿಲಿಗೆ ಬರುವವಳು, ಅವನನ್ನು ದೂರದಿಂದಲೇ ಕಂಡು ಇವತ್ತು ಹೊಸ್ತಿಲಿಂದ ಶುರುಮಾಡಿದ್ದಳು. ಹಿಂದೆ ಹಿಂದೆ ಸರಿಯುತ್ತ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಗೋಡೆಗೆ ಒರಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ನೆಲ ಒಣಗುವವರೆಗೆ ಅವನು ಸೀರೆ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದ. ಒಣಗಿದ ಮೇಲೂ ಅವನನ್ನು ಯಾರೂ ಒಳಗೆ ಕರೆಯಲಿಲ್ಲ.